ಬೇಟೆಗೆ 70 ಪೌಂಡಿನ ಬಿಲ್ಲೇ ಬೇಕಾ?

ಅಮೆರಿಕಕ್ಕೆ ಬಂದು ನೆಲೆಸಿ, ಹೊಸದಾಗಿ ಬಿಲ್ಲುಬೇಟೆ ಕಲಿಯಬೇಕು ಅನ್ನುವ ಕನ್ನಡದವರೆಲ್ಲ ಕೇಳುವುದು ಇದನ್ನೇ: "ಜಿಂಕೆ ಹೊಡೆಯೋಕೆ 70 ಪೌಂಡಿನ ಕಾಂಪೌಂಡ್ ಬಿಲ್ಲೇ ಬೇಕಾ? 50, 60 ಸಾಲಲ್ವಾ?" ಸಾಲುತ್ತದೆ. ಇಲ್ಲಿನ ಬಿಳಿಬಾಲದ ಜಿಂಕೆಗೆ, ಅಂದರೆ ವೈಟ್‌ಟೇಲ್‌ಗೆ, ಸರಿಯಾಗಿ ಹೊಂದಿಸಿದ 50 ಪೌಂಡಿನ ಬಿಲ್ಲು ಧಾರಾಳ. ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು ಪೌಂಡಿನ, ಅಂದರೆ ಎಳೆಯುವ ಭಾರದ, ಲೆಕ್ಕವಲ್ಲ, ನಿಮ್ಮ ಡ್ರಾ ಲೆಂತ್. ಅದು ತಪ್ಪಿದರೆ ಮಿಕ್ಕಿದ್ದೆಲ್ಲ ತಪ್ಪುತ್ತದೆ.

ಹೆದೆಯನ್ನು ಪೂರ್ತಿ ಎಳೆದು ನಿಲ್ಲಿಸುವ ಉದ್ದವೇ ಡ್ರಾ ಲೆಂತ್. ಮರದ ಬಿಲ್ಲಿಗೆ ನಿಲ್ಲುವ ಗೊತ್ತಾದ ಜಾಗವಿಲ್ಲ, ಸ್ವಲ್ಪ ಹೆಚ್ಚು ಕಡಿಮೆ ಎಳೆಯಬಹುದು. ಕಾಂಪೌಂಡಿನಲ್ಲಿ ಬಿಲ್ಲಿನ ತುದಿಯ ಕ್ಯಾಮ್ ಎಂಬ ಗಾಲಿ ತಿರುಗಿ ಒಂದು ಕಡೆ ಗಟ್ಟಿಯಾಗಿ ನಿಂತುಬಿಡುತ್ತದೆ, ಅದರಾಚೆ ಹೆದೆ ಬರುವುದಿಲ್ಲ. ಆದ್ದರಿಂದ ಬಿಲ್ಲು ನಿಮ್ಮ ತೋಳಿನ ಅಳತೆಗೇ ಇರಬೇಕು. ಎರಡೂ ಕೈ ಚಾಚಿ ಗೋಡೆಗೆ ಒರಗಿ ನಿಂತು, ಒಂದು ನಡುಬೆರಳಿನ ತುದಿಯಿಂದ ಇನ್ನೊಂದರ ತುದಿಯವರೆಗೆ ಇಂಚಿನಲ್ಲಿ ಅಳೆಸಿಕೊಳ್ಳಿ. ಎದೆ ಉಬ್ಬಿಸಿ ಕೈ ಎಳೆದು ಚಾಚಬೇಡಿ, ಸಹಜವಾಗಿ ನಿಲ್ಲಿ. ಬಂದದ್ದನ್ನು 2.5ರಿಂದ ಭಾಗಿಸಿ. 68 ಇಂಚು ಇದ್ದರೆ 27.2, ಅಂದರೆ 27ರಲ್ಲಿ ಶುರು ಮಾಡಿ ಅರ್ಧ ಇಂಚು ಹಿಂದೆ ಮುಂದೆ ಮಾಡಿ ನೋಡಬೇಕು.

ಹೊಸಬರಲ್ಲಿ ಹೆಚ್ಚಿನವರು ತಮ್ಮ ಅಳತೆಗಿಂತ ಡ್ರಾ ಲೆಂತ್ ಒಂದು ಇಂಚು ಹೆಚ್ಚಿರುವ ಬಿಲ್ಲನ್ನೇ ಹಿಡಿದಿರುತ್ತಾರೆ, ಯಾಕೆಂದರೆ ಉದ್ದ ಎಳೆದಷ್ಟೂ ಬಾಣ ವೇಗವಾಗಿ ಹೋಗುತ್ತದೆ. ಅದನ್ನು ಕಂಡುಹಿಡಿಯುವುದು ಸುಲಭ. ಪೂರ್ತಿ ಎಳೆದಾಗ ತಲೆ ಹಿಂದಕ್ಕೆ ವಾಲುತ್ತದೆ, ಬಿಲ್ಲು ಹಿಡಿದ ಮೊಣಕೈ ಕೋಲಿನಂತೆ ಸೆಟೆಯುತ್ತದೆ, ರಿಲೀಸ್ (ಹೆದೆ ಎಳೆದು ಬಿಡುವ ಟ್ರಿಗರಿನ ಸಾಧನ) ಹಿಡಿದ ಕೈ ದವಡೆ ದಾಟಿ ಕಿವಿಯ ಹಿಂದೆ ಹೋಗುತ್ತದೆ, ಬಿಟ್ಟಾಗ ಹೆದೆ ಮುಂಗೈಗೆ ಬಡಿಯುತ್ತದೆ. ನವೆಂಬರಿನ ಚಳಿಗೆ ದಪ್ಪ ಜಾಕೆಟ್ ಹಾಕಿದಾಗ ಇನ್ನೂ ಕೆಟ್ಟದು: ಹೆದೆ ತೋಳಿನ ಬಟ್ಟೆಗೆ ಉಜ್ಜಿ ಬಾಣ ಎಲ್ಲಿಗೋ ಹೋಗುತ್ತದೆ. ಅಳತೆ ಸರಿಯಿದ್ದರೆ ತಲೆ ನೆಟ್ಟಗಿದ್ದೇ ಹೆದೆ ಮೂಗಿನ ತುದಿಗೂ ಬಾಯಿಯ ಅಂಚಿಗೂ ತಾಗುತ್ತದೆ, ಕಣ್ಣು ತೆರೆದರೆ ಪೀಪ್, ಅಂದರೆ ಹೆದೆಯಲ್ಲಿ ಕೂರಿಸಿದ ಗುರಿಕಿಂಡಿ, ಎದುರಿಗೇ ಇರುತ್ತದೆ. ಅನುಮಾನ ಬಂದರೆ ಅರ್ಧ ಇಂಚು ಕಡಿಮೆಯದನ್ನೇ ಆರಿಸಿ. ಡಿ-ಲೂಪ್ (ರಿಲೀಸ್ ಸಿಕ್ಕಿಸಲು ಹೆದೆಗೆ ಕಟ್ಟಿದ ಕುಣಿಕೆ) ಉದ್ದ ಮಾಡಿಕೊಂಡರೆ, ರಿಲೀಸ್ ಬದಲಿಸಿದರೆ ಕೈ ನಿಲ್ಲುವ ಜಾಗವೂ ಬದಲಾಗುತ್ತದೆ, ಅದನ್ನು ನೆನಪಿಟ್ಟುಕೊಂಡೇ ಅಳೆಯಿರಿ.

ಇನ್ನು ಪೌಂಡಿಗೆ ಬರೋಣ. 70 ಪೌಂಡ್ ಅನ್ನುವುದು ಎಳೆಯುವ ದಾರಿಯಲ್ಲಿ ಎದುರಾಗುವ ಗರಿಷ್ಠ ಭಾರ, ಹಿಡಿದು ನಿಲ್ಲುವಾಗಿನ ಭಾರವಲ್ಲ. ಮಿಸೂರಿಯ ಹಾಲೆಸ್ ವಿಲ್ಬರ್ ಅಲೆನ್ 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಪೇಟೆಂಟ್ ಪಡೆದ ಈ ಬಿಲ್ಲಿನ ಜೀವಾಳವೇ ಅದು. ಕ್ಯಾಮ್ ತಿರುಗಿ ಕೊನೆಯಲ್ಲಿ ಭಾರವನ್ನು ಇಳಿಸಿಕೊಡುತ್ತದೆ. ಲೆಟ್-ಆಫ್, ಅಂದರೆ ಆ ಇಳಿಕೆ, ಶೇ. 80 ಇರುವ 60 ಪೌಂಡಿನ ಬಿಲ್ಲಿನಲ್ಲಿ ಕೊನೆಗೆ ಕೈಯಲ್ಲಿರುವುದು 12 ಪೌಂಡ್, ಶೇ. 85 ಇದ್ದರೆ 9. ಆ ಗರಿಷ್ಠದ ದಿಬ್ಬವನ್ನು ಒಮ್ಮೆ ದಾಟಬೇಕು, ಅಷ್ಟೇ. ಆದರೆ ದಾಟುವುದು ಹೇಗೆ ಅನ್ನುವುದರಲ್ಲೇ ಬೇಟೆಗಾರನ ಪೌಂಡ್ ನಿರ್ಧಾರವಾಗುತ್ತದೆ.

ಪರೀಕ್ಷೆ ಹೀಗೆ ಮಾಡಿ. ಕುರ್ಚಿಯ ಮೇಲೆ ಕುಳಿತು ಎರಡೂ ಪಾದಗಳನ್ನು ನೆಲದಿಂದ ಎತ್ತಿ. ಬಾಣ ಹೂಡಿ, ಬಿಲ್ಲನ್ನು ಗುರಿಯ ನೇರಕ್ಕೇ ಹಿಡಿದು ನಿಧಾನವಾಗಿ ಎಳೆಯಿರಿ. ಬಿಲ್ಲನ್ನು ಆಕಾಶಕ್ಕೆ ಎತ್ತಿ, ಮೈ ತಿರುಚಿ, ಜಗ್ಗಿ ಎಳೆಯಬೇಕಾಗಿ ಬಂದರೆ ಆ ಭಾರ ನಿಮ್ಮದಲ್ಲ. ಮರದ ಮೇಲಿನ ಸ್ಟ್ಯಾಂಡಿನಲ್ಲಿ ಎರಡು ಮೂರು ತಾಸು ಚಳಿಯಲ್ಲಿ ಅಲುಗಾಡದೆ ಕುಳಿತ ಮೇಲೆ ಮೈ ಮರಗಟ್ಟಿರುತ್ತದೆ, ಜಿಂಕೆ 20 ಗಜದಲ್ಲಿ ನಿಂತಿರುತ್ತದೆ. ಅಲ್ಲಿ ಬಿಲ್ಲೆತ್ತಿ ಕುಸ್ತಿ ಮಾಡಿದರೆ ಅದು ನೋಡಿಯೇ ನೋಡುತ್ತದೆ. ಎಳೆದ ಮೇಲೆ 30 ಸೆಕೆಂಡ್ ಹಿಡಿದು ಆಮೇಲೆ ಚೆನ್ನಾಗಿ ಬಿಡಲು ಬರಬೇಕು. ಬಿಡದೆ ನಿಧಾನವಾಗಿ ವಾಪಸ್ ಇಳಿಸಲೂ ಬರಬೇಕು. ಇಳಿಸುವಾಗ ದಿಬ್ಬ ಬಂದೊಡನೆ ಬಿಲ್ಲು ಥಟ್ಟನೆ ಮುಂದಕ್ಕೆ ಜಗ್ಗುತ್ತದೆ, ಆಗ ಬೆರಳು ಟ್ರಿಗರ್ ಹತ್ತಿರ ಸುಳಿಯಲೇಬಾರದು.

"ಭಾರ ಕಡಿಮೆ ಮಾಡಿದರೆ ವೇಗ ಹೋಗುತ್ತದಲ್ಲ?" ಹೋಗುತ್ತದೆ. ಡಬ್ಬಿಯ ಮೇಲೆ ಸೆಕೆಂಡಿಗೆ 335 ಅಡಿ ಎಂದು ಬರೆದಿದ್ದರೆ ಅದು 70 ಪೌಂಡ್, 30 ಇಂಚು ಡ್ರಾ ಲೆಂತ್, 350 ಗ್ರೇನಿನ ಬಾಣಕ್ಕೆ ಅಳೆದದ್ದು (ಗ್ರೇನ್ ಅಂದರೆ ಬಾಣ ತೂಗುವ ಸಣ್ಣ ಅಳತೆ). ಒಂದು ಇಂಚು ಕಡಿಮೆಯಾದರೆ ಸುಮಾರು 10 ಅಡಿ, ಒಂದು ಪೌಂಡ್ ಕಡಿಮೆಯಾದರೆ ಸುಮಾರು 2 ಅಡಿ, ಬಾಣಕ್ಕೆ ಮೂರು ಗ್ರೇನ್ ಸೇರಿದರೆ ಹೆಚ್ಚುಕಡಿಮೆ ಒಂದು ಅಡಿ ಇಳಿಯುತ್ತದೆ. ಹೆದೆಯ ಮೇಲಿನ ಪೀಪ್, ಡಿ-ಲೂಪ್ ಇನ್ನೊಂದಿಷ್ಟು ತಿನ್ನುತ್ತವೆ. 27.5 ಇಂಚು, 60 ಪೌಂಡ್, 420 ಗ್ರೇನ್ ಬಾಣದವನಿಗೆ ಸಿಗುವುದು 260ರ ಆಸುಪಾಸು. ಅದರ ಶಕ್ತಿ ಎಷ್ಟು? ಬಾಣದ ಗ್ರೇನನ್ನು ವೇಗದ ವರ್ಗದಿಂದ ಗುಣಿಸಿ 450240ರಿಂದ ಭಾಗಿಸಿ: 63 ಅಡಿ-ಪೌಂಡ್. 380 ಗ್ರೇನಿನ ಬಾಣ 240ರಲ್ಲಿ ಹೋದರೂ 48 ದಾಟುತ್ತದೆ. ಜಿಂಕೆಗೆ 25ರಿಂದ 41 ಸಾಕು ಅನ್ನುವುದು ಬೇಟೆಗಾರರು ಬಹುಕಾಲದಿಂದ ಬಳಸುವ ಅಳತೆ.

ವೇಗದ ಹುಚ್ಚಿಗೆ ಇನ್ನೊಂದು ಕಾರಣ ಕೊಡುತ್ತಾರೆ. ಹೆದೆಯ ಸದ್ದು ಕೇಳಿದ ಜಿಂಕೆ ಓಡಲು ಕಾಲು ಮಡಚಿ ಕುಸಿಯುತ್ತದೆ, ಬಾಣ ಬೆನ್ನ ಮೇಲೆ ಹಾದುಹೋಗುತ್ತದೆ. ನಿಜ. ಆದರೆ ಲೆಕ್ಕ ಹಾಕಿ ನೋಡಿ. ಸದ್ದು ಸೆಕೆಂಡಿಗೆ ಸುಮಾರು 1100 ಅಡಿ ಹೋಗುತ್ತದೆ, ಯಾವ ಬಿಲ್ಲೂ ಅದನ್ನು ಮೀರಿಸದು. 30 ಗಜದಲ್ಲಿ, 260 ಅಡಿ ವೇಗದ ಬಾಣಕ್ಕಿಂತ ಸದ್ದು ಸುಮಾರು 0.26 ಸೆಕೆಂಡ್ ಮೊದಲೇ ಮುಟ್ಟುತ್ತದೆ. ವೇಗವನ್ನು 300ಕ್ಕೆ ಏರಿಸಿದರೆ ಆ ಅಂತರ 0.22 ಆಗುತ್ತದೆ. ಅದೇ 260ರ ಬಿಲ್ಲನ್ನು 20 ಗಜದಿಂದ ಬಿಟ್ಟರೆ 0.18ಕ್ಕೆ ಇಳಿಯುತ್ತದೆ. ಹತ್ತು ಗಜ ಹತ್ತಿರ ಬರಗೊಡುವುದು 40 ಅಡಿ ವೇಗಕ್ಕಿಂತ ದೊಡ್ಡ ಲಾಭ, ಮತ್ತು ಅದಕ್ಕೆ ದುಡ್ಡು ಬೇಕಿಲ್ಲ. ಭಾರದ ಬಾಣ ಬಿಲ್ಲಿನ ಸದ್ದನ್ನೂ ತಗ್ಗಿಸುತ್ತದೆ, ಯಾಕೆಂದರೆ ಲಿಂಬುಗಳ, ಅಂದರೆ ಬಿಲ್ಲಿನ ಬಾಗುವ ತೋಳುಗಳ, ಶಕ್ತಿಯನ್ನು ಹೆಚ್ಚು ಹೀರಿಕೊಳ್ಳುವುದು ಅದೇ. ಉಳಿದ ಶಕ್ತಿಯೇ ನಡುಕವಾಗಿ, ಸದ್ದಾಗಿ ಹೊರಬರುವುದು.

ಹಗುರ ಬಾಣಕ್ಕೂ ಮಿತಿ ಇದೆ: ಒಂದು ಪೌಂಡಿಗೆ ಕನಿಷ್ಠ 5 ಗ್ರೇನ್. 60 ಪೌಂಡಿಗೆ 300ಕ್ಕಿಂತ ಕಡಿಮೆ ಕೂಡದು. ಬೇಟೆಗೆ ನನ್ನ ಆಯ್ಕೆ ಪೌಂಡಿಗೆ 7 ಗ್ರೇನ್. ಬಾಣವೇ ಇಲ್ಲದೆ ಹೆದೆ ಬಿಟ್ಟರಂತೂ ಎಲ್ಲ ಶಕ್ತಿಯೂ ಬಿಲ್ಲಿನೊಳಗೇ ಸಿಡಿಯುತ್ತದೆ; ಹೆದೆ ಕ್ಯಾಮಿನಿಂದ ಹಾರುತ್ತದೆ, ಲಿಂಬ್ ಸೀಳುತ್ತದೆ. ಅಂಗಡಿಯಲ್ಲೂ ಬಾಣವಿಲ್ಲದ ಬಿಲ್ಲನ್ನು ಎಳೆದು ನೋಡಬೇಡಿ.

ಬಾಣದ ಬಿಗಿತ ಇನ್ನೊಂದು ಗೊಂದಲ. ಕಾಂಡದ ಮೇಲೆ 400, 340, 300 ಎಂದು ಬರೆದಿರುತ್ತದೆ. 28 ಇಂಚಿನ ಅಂತರದ ಎರಡು ಆಸರೆಗಳ ಮೇಲೆ ಬಾಣವಿಟ್ಟು ನಡುವೆ 1.94 ಪೌಂಡ್ ತೂಗಿಸಿದರೆ ಅದು ಎಷ್ಟು ಬಾಗುತ್ತದೆ ಅನ್ನುವುದರ ಅಳತೆ ಅದು; 340 ಅಂದರೆ 0.340 ಇಂಚು. ಸಂಖ್ಯೆ ಚಿಕ್ಕದಾದಷ್ಟೂ ಬಾಣ ಬಿಗಿ. ಪೌಂಡ್ ಏರಿಸಿದರೆ, ಬಾಣ ಉದ್ದವಾದರೆ, ಮೊನೆಯ ತೂಕವನ್ನು 100ರಿಂದ 125 ಗ್ರೇನಿಗೆ ಒಯ್ದರೆ, ಹೆಚ್ಚು ಬಿಗಿ ಬೇಕು. ಬಾಣ ತಯಾರಕರ ಪಟ್ಟಿಯಲ್ಲಿ ನಿಮ್ಮ ಅಳತೆ ಎರಡು ಬಿಗಿತಗಳ ನಡುವೆ ಬಿದ್ದರೆ ಹೆಚ್ಚು ಬಿಗಿಯದನ್ನು ತೆಗೆದುಕೊಳ್ಳಿ.

ಮೊನೆಯ ವಿಷಯದಲ್ಲಿ ಕಡಿಮೆ ಪೌಂಡಿನವರಿಗೆ ಒಂದೇ ಮಾತು: ಸ್ಥಿರ ಅಲಗಿನ ಬ್ರಾಡ್‌ಹೆಡ್ (ಬೇಟೆಯ ಹರಿತ ಮೊನೆ) ಬಳಸಿ. ತಾಗಿದಾಗ ತೆರೆದುಕೊಳ್ಳುವ ಮೆಕ್ಯಾನಿಕಲ್ ಜಾತಿಯದು ಎರಡು ಇಂಚು ಅಗಲದ ಗಾಯ ಮಾಡುತ್ತದೆ ನಿಜ, ಆದರೆ ತೆರೆಯುವುದಕ್ಕೂ ಅಷ್ಟಗಲ ಸೀಳಿಕೊಂಡು ಹೋಗುವುದಕ್ಕೂ ಬಾಣದ ಶಕ್ತಿಯನ್ನೇ ತಿನ್ನುತ್ತದೆ. ಒಂದು ಇಂಚು ಅಗಲದ ಹರಿತವಾದ ಅಲಗು ಎರಡೂ ಶ್ವಾಸಕೋಶ ದಾಟಿ ಆಚೆ ಹೊರಬಂದರೆ ರಕ್ತದ ಜಾಡೂ ಸಿಗುತ್ತದೆ, ಪ್ರಾಣಿಯೂ ಬೇಗ ಬೀಳುತ್ತದೆ. ಪಕ್ಕಕ್ಕೆ ನಿಂತಿದ್ದರೆ ಅಥವಾ ಸ್ವಲ್ಪ ಆಚೆ ತಿರುಗಿದ್ದರೆ ಮಾತ್ರ ಬಿಡಿ. ಎದುರು ಮುಖ ಮಾಡಿ ನಿಂತ ಜಿಂಕೆಗೆ ಬಾಣ ಬಿಡುವುದು ತಪ್ಪು, ಬಿಲ್ಲು ಎಷ್ಟು ಪೌಂಡಿನದಾದರೂ.

ಸ್ಥಿರ ಅಲಗು ಬಿಲ್ಲಿನ ಹೊಂದಾಣಿಕೆಯ ದೋಷವನ್ನು ಮುಚ್ಚಿಡುವುದಿಲ್ಲ. ಅಭ್ಯಾಸದ ಮೊನೆ ಒಂದು ಕಡೆ, ಬ್ರಾಡ್‌ಹೆಡ್ ನಾಲ್ಕಿಂಚು ಆಚೆ ಬಿದ್ದರೆ ಬಾಣ ಸೊಟ್ಟಗೆ ಹೊರಡುತ್ತಿದೆ ಎಂದರ್ಥ. ಚೌಕಟ್ಟಿಗೆ ಕಾಗದ ಬಿಗಿದು ಆರಡಿ ದೂರದಿಂದ ಬಿಟ್ಟು ಹರಿದ ಗುರುತು ನೋಡಿ. ಮೊನೆಯ ತೂತಿಗಿಂತ ಗರಿಗಳು ಹರಿದ ಗುರುತು ಮೇಲಿದ್ದರೆ ಬಾಣ ಕೂರುವ ರೆಸ್ಟನ್ನು ಒಂದು ಇಂಚಿನ 32ನೇ ಭಾಗದಷ್ಟು ಮೇಲೆತ್ತಿ, ಕೆಳಗಿದ್ದರೆ ಇಳಿಸಿ, ಮತ್ತೆ ಬಿಡಿ. ಹರಿದ ಗುರುತು ಅಡ್ಡಡ್ಡ ಬಂದರೆ ಮೊದಲು ಸ್ಕ್ರೂ ಮುಟ್ಟಬೇಡಿ, ಕೈ ನೋಡಿಕೊಳ್ಳಿ. ಹಿಡಿಯನ್ನು ಮುಷ್ಟಿ ಕಟ್ಟಿ ಹಿಡಿದರೆ ಬಿಲ್ಲು ತಿರುಚುತ್ತದೆ. ಹೆಬ್ಬೆರಳಿನ ಬುಡದ ಮಾಂಸಖಂಡದ ಮೇಲೆ ಹಿಡಿ ಒರಗಬೇಕು, ಬೆರಳುಗಳು ಸಡಿಲವಾಗಿರಬೇಕು.

ಪೌಂಡ್ ಇಳಿಸುವುದು ಮನೆಯಲ್ಲೇ ಆಗುವ ಕೆಲಸ. ಮೇಲಿನ ಮತ್ತು ಕೆಳಗಿನ ಲಿಂಬ್ ಬೋಲ್ಟ್‌ಗಳನ್ನು ಸಮಸಮ ಸುತ್ತು ಬಿಚ್ಚಿ. ಒಂದು ಸುತ್ತಿಗೆ ಸುಮಾರು 2ರಿಂದ 3 ಪೌಂಡ್ ಇಳಿಯುತ್ತದೆ. ಬಹಳಷ್ಟು ಬೇಟೆ ಬಿಲ್ಲುಗಳು ಗರಿಷ್ಠದಿಂದ 10 ಪೌಂಡ್ ಇಳಿಯುತ್ತವೆ. ಕೈಪಿಡಿ ಹೇಳಿದ ಸುತ್ತಿಗಿಂತ ಒಂದೂ ಹೆಚ್ಚು ಬಿಚ್ಚಬೇಡಿ, ಲಿಂಬ್ ಕಳಚಿಕೊಂಡೀತು. ಹೆದೆ, ಕೇಬಲ್ ಬಿಚ್ಚುವ ಕೆಲಸಕ್ಕೆ ಮಾತ್ರ ಬೋ ಪ್ರೆಸ್, ಅಂದರೆ ಲಿಂಬುಗಳನ್ನು ಒತ್ತಿ ಹಿಡಿಯುವ ಯಂತ್ರ, ಬೇಕೇ ಬೇಕು. ಇನ್ನೂ ಅಳತೆ ಗೊತ್ತಿಲ್ಲದವರಿಗೆ ಡೈಮಂಡ್ ಇನ್ಫಿನಿಟ್ ಎಡ್ಜ್ ಪ್ರೋ, ಬೇರ್ ಕ್ರೂಸರ್ ಜಿ2 ತರಹದ ಬಿಲ್ಲುಗಳನ್ನೇ ಹೇಳುತ್ತೇನೆ. ಎರಡೂ 5ರಿಂದ 70 ಪೌಂಡಿನವರೆಗೆ ಹೊಂದಿಕೊಳ್ಳುತ್ತವೆ, ಡ್ರಾ ಲೆಂತ್ ಕೂಡ ಮಕ್ಕಳಿಂದ ದೊಡ್ಡವರವರೆಗೆ. ವರ್ಷದ ನಂತರ ನಿಮ್ಮ ಸಂಖ್ಯೆ ಗೊತ್ತಾದ ಮೇಲೆ ಹಾಯ್ಟ್, ಮ್ಯಾಥ್ಯೂಸ್ ಕಂಪನಿಗಳ ಬಿಲ್ಲು ನೋಡಿದರಾಯಿತು.

ಕಾನೂನನ್ನು ರಾಜ್ಯವಾರು ಓದಿಕೊಳ್ಳಲೇಬೇಕು. ಕೊಲರಾಡೊ ಕನಿಷ್ಠ 35 ಪೌಂಡ್ ಕೇಳುತ್ತದೆ. ಅಲಾಸ್ಕಾ ಜಿಂಕೆಗೆ 40, ಮೂಸ್‌ಗೆ 50 ಕೇಳುತ್ತದೆ. 70 ಎಂದು ಕೇಳುವ ರಾಜ್ಯ ಒಂದೂ ಇಲ್ಲ. ಕರ್ನಾಟಕದಿಂದ ಇದನ್ನು ಓದುತ್ತಿರುವವರು ಬೇಟೆಯ ಮಾತನ್ನು ಬಿಟ್ಟುಬಿಡಿ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಕಾಂಪೌಂಡ್ ಬಿಲ್ಲು ಅಲ್ಲಿ ಮೈದಾನದ ಆಟ, ಜ್ಯೋತಿ ಸುರೇಖಾ, ಅದಿತಿ ಸ್ವಾಮಿಯಂಥವರು ಜಗತ್ತನ್ನೇ ಗೆದ್ದಿರುವ ಆಟ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ 50 ಮೀಟರ್ ದೂರಕ್ಕೆ ಬಿಡುವ ಆ ಬಿಲ್ಲಿಗೂ ಗರಿಷ್ಠ ಮಿತಿ 60 ಪೌಂಡ್.

ಹಳೆಯ ಬಿಲ್ಲು ಕೊಳ್ಳುವವರು ಹಣ ಕೊಡುವ ಮೊದಲು ಹತ್ತಿಯ ಉಂಡೆಯನ್ನು ಲಿಂಬುಗಳ ಅಂಚಿನುದ್ದಕ್ಕೂ ಸವರಿ. ಎಳೆ ಸಿಕ್ಕಿಕೊಂಡ ಕಡೆ ಬಿರುಕಿದೆ, ಬಿಲ್ಲನ್ನು ಅಲ್ಲೇ ಬಿಡಿ. ಕ್ಯಾಮಿನ ಅಂಚಿನಲ್ಲಿ ಕಚ್ಚು ಇದ್ದರೂ ಹಾಗೇ, ಅದು ಹೆದೆಯನ್ನು ಕೊಯ್ಯುತ್ತದೆ. ಹೆದೆ ನೊರೆಯಂತೆ ಎಳೆ ಬಿಟ್ಟಿದ್ದರೆ, ಮೇಲೆ ಸುತ್ತಿದ ದಾರ ಸರಿದು ಒಳಗಿನದು ಕಾಣುತ್ತಿದ್ದರೆ, ಹೊಸ ಹೆದೆ ಮತ್ತು ಕೇಬಲ್‌ಗಳ ಖರ್ಚನ್ನು ಬೆಲೆಯಲ್ಲಿ ಕಳೆದು ಕೇಳಿ. ಮತ್ತು ಡ್ರಾ ಲೆಂತ್ ಬದಲಿಸಲು ಕ್ಯಾಮಿನ ಮೇಲಿನ ಮಾಡ್ಯೂಲ್ ತಿರುಗಿಸಿದರೆ ಸಾಕೋ, ಬೇರೆ ಕೊಳ್ಳಬೇಕೋ, ಅಥವಾ ಕ್ಯಾಮನ್ನೇ ಬದಲಿಸಬೇಕೋ ಕೇಳಿ ತಿಳಿದುಕೊಳ್ಳಿ. ಹಳೆಯ ಮಾದರಿಗೆ ನಿಮ್ಮ ಅಳತೆಯ ಮಾಡ್ಯೂಲ್ ಸಿಗದಿದ್ದರೆ ಆ ಬಿಲ್ಲು ಎಷ್ಟು ಅಗ್ಗವಾದರೂ ನಿಮಗಲ್ಲ.