ಮೇಷ್ಟ್ರ ಆಕಳಿಕೆ

ಮೇಷ್ಟ್ರು ಹೋದ ಸುದ್ದಿ ಬಂದ ದಿನ ನಾನು ಮೊದಲು ಹುಡುಕಿದ್ದು ಹಳೇ ಕ್ಯಾಸೆಟ್ಟುಗಳ ಡಬ್ಬಿಯನ್ನು.

ನನಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಕಾಲೇಜು ಸೇರಿದಾಗ ಬ್ರೈಲ್‌ನಲ್ಲಿ ಒಂದು ಪಠ್ಯವೂ ಇರಲಿಲ್ಲ. ಮೂರನೇ ವಾರ ಇತಿಹಾಸದ ಮೇಷ್ಟ್ರು ನನ್ನ ಕೈಗೆ ಎರಡು ಕ್ಯಾಸೆಟ್ಟು ಇಟ್ಟರು. ರಾತ್ರಿ ಕೂತು ಪಾಠಗಳನ್ನು ತಾವೇ ಓದಿ ರೆಕಾರ್ಡ್ ಮಾಡಿದ್ದರು. ಬೆರಳಿಗೆ ಗುರುತು ಸಿಗಲಿ ಅಂತ ರಬ್ಬರ್ ಬ್ಯಾಂಡ್ ಸುತ್ತಿದ್ದರು. ಇತಿಹಾಸಕ್ಕೆ ಒಂದು, ಅರ್ಥಶಾಸ್ತ್ರಕ್ಕೆ ಎರಡು. ಅರ್ಥಶಾಸ್ತ್ರ ಅವರ ವಿಷಯವೇ ಅಲ್ಲ. ಓದುತ್ತಾ ಆಕಳಿಸಿದ್ದೂ ಟೇಪಿನಲ್ಲಿತ್ತು.

ಮಿಮಿಕ್ರಿಯಲ್ಲಿ ನಾನು ಎತ್ತಿದ ಕೈ. (ಈಗಲೂ!) ಒಂದು ಮಧ್ಯಾಹ್ನ ಅವರ ಟೇಪಿನ ಮೇಲೆಯೇ ಅವರ ದನಿಯಲ್ಲಿ ಫ್ರೆಂಚ್ ಕ್ರಾಂತಿಯ ಪಾಠ ಮಾಡಿದೆ, ಕೆಮ್ಮಿನ ಸಮೇತ. ಗೆಳೆಯರು ಬಿದ್ದು ಬಿದ್ದು ನಕ್ಕರು. ಆಮೇಲೆ ಮರೆತು ಅದೇ ಕ್ಯಾಸೆಟ್ಟನ್ನು ವಾಪಸ್ ಕೊಟ್ಟುಬಿಟ್ಟೆ. ಮರುದಿನ ಮೇಷ್ಟ್ರು ಅದನ್ನು ಕ್ಲಾಸಿಗೆಲ್ಲ ಕೇಳಿಸಿದರು. ಮುಗಿದ ಮೇಲೆ ಅಂದರು: "ದನಿ ನನ್ನದೇ. 1798 ಮಾತ್ರ ನಿನ್ನದು. ಬಾಸ್ಟಿಲ್ ಬಿದ್ದದ್ದು 1789ರಲ್ಲಿ."

ಪರೀಕ್ಷೆಗೆ ಸ್ಕ್ರೈಬ್ ಬೇಕು, ಹೊತ್ತು ಜಾಸ್ತಿ ಬೇಕು ಅಂತ ಅರ್ಜಿ ಹಾಕಿಸಿದ್ದೂ ಅವರೇ. ಆಫೀಸಿನಲ್ಲಿ "ಪಾಪ, ಕೊಡೋಣ ಸಾರ್" ಅಂದರು. ಮೇಷ್ಟ್ರು ರೇಗಿದರು. "ಪಾಪ ಅನ್ನೋದು ಬಿಟ್ಟು ಕೊಡಿ. ಅವನು ಹೇಳ್ತಾನೆ, ಇನ್ನೊಬ್ಬ ಬರೀತಾನೆ. ಹೊತ್ತು ಹಿಡಿಯುತ್ತೆ, ಅಲ್ವಾ?" ವಿಶ್ವಸಂಸ್ಥೆ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಒಪ್ಪಿದ್ದು ಎಷ್ಟೋ ವರ್ಷಗಳ ನಂತರ, 2006ರಲ್ಲಿ. ಕಾಲೇಜಿನಲ್ಲಿ ಓದುವವರಿಗೂ ಬೇಕಾದ ಅನುಕೂಲ ಮಾಡಿಕೊಡಬೇಕು ಅಂತ ಅದರ 24ನೇ ವಿಧಿಯಲ್ಲಿದೆ. ಅಂದಹಾಗೆ, ಆ ವರ್ಷ ಇತಿಹಾಸದಲ್ಲಿ ಇಡೀ ಕ್ಲಾಸಿಗೆ ನಾನೇ ಮೊದಲು. ಇದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಮೊನ್ನೆ ಹಳೆಯ ವಿದ್ಯಾರ್ಥಿಗಳ ಸಭೆಗೆ ಹೋಗಿದ್ದೆ. ಈಗ ರ‍್ಯಾಂಪ್ ಬಂದಿದೆ. ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕಾದ್ದು, ಹೆಜ್ಜೆ ಹಾಕಿ ಅಳೆದರೆ ಅದರ ಅರ್ಧವೂ ಇಲ್ಲ. ವೀಲ್‌ಚೇರ್ ತಳ್ಳುವವರ ಏದುಸಿರು ಕೇಳಿಸುತ್ತಿತ್ತು. ನನ್ನಂಥ ಹುಡುಗನೊಬ್ಬ ಲ್ಯಾಪ್‌ಟಾಪ್ ತಂದಿದ್ದ. ಅದರಲ್ಲಿ ಎನ್‌ವಿಡಿಎ ಅಂತ ಪುಕ್ಕಟೆ ಸ್ಕ್ರೀನ್ ರೀಡರ್, ಪರದೆಯ ಅಕ್ಷರಗಳನ್ನು ಓದಿ ಹೇಳುತ್ತದೆ. ಆದರೆ ಅವನಿಗೆ ಕೊಟ್ಟ ನೋಟ್ಸೆಲ್ಲ ಪುಸ್ತಕದ ಫೋಟೊ ಹೊಡೆದ ಪಿಡಿಎಫ್. ಅಕ್ಷರವೇ ಇಲ್ಲ, ಬರೀ ಚಿತ್ರ. ಯಂತ್ರ 'ಖಾಲಿ' ಅಂದು ಸುಮ್ಮನಾಗುತ್ತದೆ. ಕಳಿಸುವವರು ಒಮ್ಮೆ ಕೇಳಿಸಿಕೊಂಡು ನೋಡಿದ್ದರೆ ಸಾಕಿತ್ತು.

ಡಬ್ಬಿಯಲ್ಲಿ ಒಂದೇ ಕ್ಯಾಸೆಟ್ಟು ಸಿಕ್ಕಿತು. ಮುಟ್ಟಿದರೆ ರಬ್ಬರ್ ಬ್ಯಾಂಡ್ ಪುಡಿಪುಡಿ. ಒಂದಿತ್ತೋ ಎರಡಿತ್ತೋ ತಿಳಿಯಲಿಲ್ಲ. ಹಾಕಿ ಕೇಳಿದೆ. ಸ್ವಲ್ಪ ಹೊತ್ತಿಗೆ ಆಕಳಿಕೆ ಬಂತು. ಅರ್ಥಶಾಸ್ತ್ರ.