ರೆಕಾರ್ಡ್ ಬರೆಯುವವಳ ಕೈಗೆ ಮಲ್ಟಿಮೀಟರ್ ಬರಬೇಕಾದರೆ

ಐಐಟಿಗಳು 2018ರಲ್ಲಿ ಹೆಚ್ಚುವರಿ ಸೀಟು ತೆರೆದು ಹುಡುಗಿಯರ ಪಾಲನ್ನು ಶೇ 14ಕ್ಕೆ, 2020ಕ್ಕೆ ಶೇ 20ಕ್ಕೆ ಮುಟ್ಟಿಸಲು ಹೊರಟವು. ಸೀಟಿನ ಲೆಕ್ಕ ಅಲ್ಲಿಗಾಯಿತು. ಮಂಡ್ಯ, ಮೈಸೂರಿನ ಕಾಲೇಜುಗಳಲ್ಲಿ ರೊಬೊಟಿಕ್ಸ್ ಲ್ಯಾಬ್ ನಡೆಸುವ ನಮ್ಮಂಥವರು ನೋಡಬೇಕಾದ್ದು ಟೇಬಲ್ ಮೇಲೆ ಯಾರ ಕೈ ಆಡುತ್ತಿದೆ ಅನ್ನುವುದನ್ನು.

ನಾಲ್ವರ ಬ್ಯಾಚಿಗೆ ಒಂದೇ ಕಿಟ್ ಕೊಟ್ಟು ನೋಡಿ. ಹತ್ತು ನಿಮಿಷದಲ್ಲಿ ಸ್ಕ್ರೂಡ್ರೈವರ್ ಹುಡುಗರ ಕೈಯಲ್ಲಿ, ರೆಕಾರ್ಡ್ ಪುಸ್ತಕ ಹುಡುಗಿಯ ಮುಂದೆ. ‘ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರಿ’ ಅನ್ನುವಾಗ ಯಾರ ಮನಸ್ಸಿನಲ್ಲೂ ಕೆಟ್ಟದ್ದಿರುವುದಿಲ್ಲ. ಗದ್ದೆಯ ಪಂಪ್‌ಸೆಟ್ ಸ್ಟಾರ್ಟರ್ ಬಿಚ್ಚುವಾಗ ಅಪ್ಪ ಟಾರ್ಚ್ ಹಿಡಿಯಲು ಕರೆಯುವುದು ಮಗನನ್ನೇ. ಟೆಸ್ಟರ್ ಹಿಡಿದ ಆ ನಾಲ್ಕು ದಿನದ ರೂಢಿಯನ್ನು ಮೇಷ್ಟ್ರುಗಳು ಜಾಣತನ ಅಂದುಕೊಂಡುಬಿಡುತ್ತಾರೆ.

ಇಬ್ಬರಿಗೊಂದು ಕಿಟ್ ಮಾಡಿ: ಕೋಡ್ ಓಡುವ ಆರ್ಡುಯಿನೊ ಉನೊ ಬೋರ್ಡ್, ಮೋಟಾರಿಗೆ ಕರೆಂಟ್ ಕೊಡುವ ಎಲ್298ಎನ್ ಡ್ರೈವರ್, ಎರಡು ಬಿಒ ಮೋಟಾರ್ (ಗೇರಿರುವ ಚಿಕ್ಕ ಮೋಟಾರ್), ಎರಡು 18650 ಸೆಲ್ (ಚಾರ್ಜ್ ಮಾಡಬಹುದಾದ ಲಿಥಿಯಂ ಸೆಲ್). ಒಬ್ಬರು ವೈರಿಂಗ್, ಒಬ್ಬರು ಕೋಡ್. 25 ನಿಮಿಷಕ್ಕೊಮ್ಮೆ ಅದಲುಬದಲು. ರೆಕಾರ್ಡ್ ಇಬ್ಬರೂ ಬರೆಯಬೇಕು.

ಪಾಳಿ ಮುರಿದುಬೀಳುವುದು ರೋಬೊ ಕೈಕೊಟ್ಟಾಗ. ಮೋಟಾರ್ ತಿರುಗಲು ಹೋದೊಡನೆ ಬೋರ್ಡ್ ರೀಸೆಟ್ ಆಗುತ್ತದೆ, ಪಕ್ಕದವನು ‘ಕೊಡಿಲ್ಲಿ’ ಅಂತ ಕಿತ್ತುಕೊಳ್ಳುತ್ತಾನೆ. ಕಲಿಕೆ ಇರುವುದೇ ಆ ಐದು ನಿಮಿಷದಲ್ಲಿ. ವೈರ್ ಹಾಕಿದವಳೇ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿಯಲಿ. ಮೋಟಾರ್ ಹೊರಡುವಾಗ ಎಳೆಯುವ ಕರೆಂಟಿಗೆ ಬೋರ್ಡಿನ 5 ವೋಲ್ಟ್ ಕುಸಿಯುವುದನ್ನು ಅವಳ ಕಣ್ಣೇ ಕಾಣಲಿ. ಮೋಟಾರಿಗೆ ಬೇರೆ ಬ್ಯಾಟರಿ ಕೊಟ್ಟ ಮೇಲೂ ಚಕ್ರ ಅಡ್ಡಾದಿಡ್ಡಿ ಆಡಿದರೆ ಹೆಚ್ಚಾಗಿ ಎರಡರ ಗ್ರೌಂಡ್ (ಮೈನಸ್ ತಂತಿ) ಕೂಡಿಸಿಲ್ಲ ಅಂತ ಅರ್ಥ. ಎರಡು ಸೆಲ್ಲಿನ 7.4 ವೋಲ್ಟ್ ಕೊಟ್ಟರೂ ಚಕ್ರ ನಿಧಾನವೇ? ಎಲ್298ಎನ್ ತಾನೇ ಸುಮಾರು 2 ವೋಲ್ಟ್ ನುಂಗುತ್ತದೆ. ಪಕ್ಕದವರು ಬಾಯಲ್ಲಿ ಹೇಳಬಹುದು, ಕೈ ಹಾಕುವಂತಿಲ್ಲ. ಮೇಷ್ಟ್ರಿಗೂ ಇದೇ ನಿಯಮ, ಅವರಿಗೇ ಇದು ಹೆಚ್ಚು ಕಷ್ಟ.

ಬೆಸುಗೆಯನ್ನು ಮೊದಲ ವಾರವೇ ಹಾಳು ಬೋರ್ಡಿನ ಮೇಲೆ ಕಲಿಸಿ, ತಲೆಗೆ 20 ಜಾಯಿಂಟ್. 25 ವ್ಯಾಟ್ ಐರನ್ನಿನ ತುದಿ ಬೋರ್ಡಿನ ತಾಮ್ರದ ಪ್ಯಾಡಿಗೂ ಬಿಡಿಭಾಗದ ಕಾಲಿಗೂ ಒಟ್ಟಿಗೆ ತಾಗಿ ಎರಡು ಸೆಕೆಂಡ್ ಕಾಯಬೇಕು, ಆಮೇಲೆ ಎದುರು ಬದಿಯಿಂದ ಸೀಸ. ಗೋಪುರದಂತೆ ಇಳಿದು ಹೊಳೆದರೆ ಸರಿ, ಗುಂಡಗೆ ಕೂತರೆ ಪ್ಯಾಡ್ ಕಾದಿಲ್ಲ. ದುಪಟ್ಟಾ ನೆಪ ಹೇಳಿ ಡ್ರಿಲ್ಲಿನಿಂದ ದೂರ ಇಡಬೇಡಿ, ಎಲ್ಲರಿಗೂ ಕೋಟ್ ಕೊಡಿ, ಕೂದಲು ಕಟ್ಟಿಸಿ.

ಇನ್ನು ಹೊತ್ತು. ಸ್ಪರ್ಧೆ ಹತ್ತಿರವಾದಾಗ ಕೆಲಸ ರಾತ್ರಿ ಒಂಬತ್ತಕ್ಕೆ ಹೋಗುತ್ತದೆ. ನಾಗಮಂಗಲದ ಬಸ್ಸು ಹಿಡಿಯುವವಳು, ಹಾಸ್ಟೆಲ್ ಗೇಟಿಗೆ ಓಡುವವಳು ಆರಕ್ಕೇ ಹೊರಡಬೇಕು. ಬೆಳಿಗ್ಗೆ ಬಂದರೆ ರೋಬೊದ ಚಾಸಿ (ಚೌಕಟ್ಟು) ಬದಲಾಗಿರುತ್ತದೆ, ಅವಳ ಕೋಡ್ ಹೊಂದುವುದಿಲ್ಲ, ಎರಡು ಸಲ ಹೀಗಾದರೆ ಅವಳು ಬರುವುದನ್ನೇ ಬಿಡುತ್ತಾಳೆ. ವಿನ್ಯಾಸದ ತೀರ್ಮಾನಗಳೆಲ್ಲ ಸಂಜೆ ಐದರೊಳಗೆ ಅಥವಾ ಶನಿವಾರ ಬೆಳಿಗ್ಗೆ ಆಗಲಿ. ಆಮೇಲೆ ಮಾಡಿದ ಬದಲಾವಣೆ ಲ್ಯಾಬಿನ ಗೋಡೆಯ ಬೋರ್ಡಿನ ಮೇಲೆ ಬರೆದಿರಲಿ.

ವೈವಾದಲ್ಲಿ ಒಂದು ಜಂಪರ್ ವೈರ್ ಕಿತ್ತಿಟ್ಟು ಜೋಡಿಯಲ್ಲಿ ಯಾರನ್ನಾದರೂ ಹುಡುಕಲು ಹೇಳಿ. ಅಂಕ ಇಬ್ಬರಿಗೂ ಅದೇ.