ಪರದೆ ಆರಿತು, ಫ್ಯಾನ್ ನಿಲ್ಲಲಿಲ್ಲ

"ಅದು ತಾನ ಬಂದ್ ಆಗಂಗಿಲ್ರೀ, ಬೋರ್ಡಿನ ಸ್ವಿಚ್ಚೇ ಆರಸ್ಬೇಕು."

ಧಾರವಾಡ ಸಪ್ತಾಪುರದ ಝೆರಾಕ್ಸ್ ಅಂಗಡಿ ಮಾಲಕರು ಮೊನ್ನೆ ರಾತ್ರಿ ಇದನ್ನು ಹೇಳಿದ್ದು ಮನೆಯ ಹಳೇ ಎತ್ತಿನ ಸ್ವಭಾವ ಹೇಳಿದಂಗೆ. ಕಂಪ್ಯೂಟರಿನ ಶಟ್‌ಡೌನ್ ಒತ್ತಿದರು, ಪರದೆ ಕಪ್ಪಾಯಿತು, ಸಿಪಿಯು ಫ್ಯಾನ್ ಗುಂಯ್ ಅನ್ನುತ್ತಲೇ ಇತ್ತು. ಕೈ ಸೀದಾ ಗೋಡೆಗೆ ಹೋಯಿತು.

ರಿಪೇರಿಯವನು "ಎಸ್‌ಎಂಪಿಎಸ್ ಹೋಗೇತಿ" ಅಂದಿದ್ದನಂತೆ, ಅಂದರೆ ಒಳಗೆ ಕರೆಂಟ್ ಹಂಚುವ ಡಬ್ಬಿ ಕೆಟ್ಟಿದೆ ಅಂತ. ಸಿಟ್ಟು ಬರುವುದು ಇಂಥ ಮಾತಿಗೇ. ಈಗಿನ ಎಟಿಎಕ್ಸ್ ಮಾದರಿಯ ಎಸ್‌ಎಂಪಿಎಸ್ ಹೇಳಿದಷ್ಟು ಕೇಳುವ ಆಳು. ಅದರ 24 ಪಿನ್ ಕನೆಕ್ಟರಿನ 16ನೇ ಪಿನ್, ಹಸಿರು ವಾಯರು. ಮದರ್‌ಬೋರ್ಡ್ ಅದನ್ನು ಗ್ರೌಂಡಿಗೆ (ಕಪ್ಪು ವಾಯರಿಗೆ) ಹಿಡಿದರೆ ಚಾಲೂ, ಬಿಟ್ಟರೆ ಬಂದ್. ಪ್ಲಗ್ ಕಿತ್ತು, ಕನೆಕ್ಟರ್ ಬಿಚ್ಚಿ, ಹಸಿರು ಕಪ್ಪು ಎರಡನ್ನೂ ಕ್ಲಿಪ್ಪಿನಿಂದ ಜೋಡಿಸಿ ಕರೆಂಟ್ ಕೊಡಿ. ಕ್ಲಿಪ್ ತೆಗೆದೊಡನೆ ಆ ಡಬ್ಬಿಯದೇ ಫ್ಯಾನ್ ನಿಂತರೆ, ಆರುವ ಮಟ್ಟಿಗೆ ಎಸ್‌ಎಂಪಿಎಸ್ ನೆಟ್ಟಗಿದೆ. ಬಿಡು ಅನ್ನುವ ಮಾತೇ ಅದಕ್ಕೆ ಮುಟ್ಟುತ್ತಿಲ್ಲ.

ಆ ಮಾತನ್ನು ಬಹಳ ಸಲ ತಡೆಯುವುದು ವಿಂಡೋಸಿನ ಫಾಸ್ಟ್ ಸ್ಟಾರ್ಟಪ್. ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಅಂದರೆ ಪೂರ್ತಿ ಬಂದ್ ಅಲ್ಲ; ಕರ್ನಲ್ ಅನ್ನುವ ತನ್ನ ತಿರುಳಿನ ಭಾಗವನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ಆ ಹೊತ್ತಿಗೆ ಹಳೇ ಡ್ರೈವರ್ ಒಂದು, ಅದರಲ್ಲೂ ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್ನಿನದು (ಮದರ್‌ಬೋರ್ಡಿನೊಳಗಿನ ಪುಟ್ಟ ಉಸ್ತುವಾರಿ ವ್ಯವಸ್ಥೆ), ಅಡ್ಡ ಬಿದ್ದರೆ ಕೆಲಸ ಅಲ್ಲೇ ನಿಂತಿತು.

ಮೊದಲು ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಬೇಕು. ಆಗ ಪೂರ್ತಿ ಬಂದ್ ಆಗುತ್ತದೆ. ಅಂಗಡಿಯದು ಹೀಗೆ ಮಾಡಿದಾಗ ಫ್ಯಾನ್ ತಾನಾಗೇ ನಿಂತಿತು. ಇಷ್ಟು ಗೊತ್ತಾದ ಮೇಲೆ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಎಡಗಡೆ ಪವರ್ ಬಟನ್ನಿನ ಲಿಂಕ್. ಅಲ್ಲಿ ಫಾಸ್ಟ್ ಸ್ಟಾರ್ಟಪ್ಪಿನ ಟಿಕ್ ಮಸುಕಾಗಿ ಕಂಡರೆ ಮೇಲಿರುವ 'ಚೇಂಜ್ ಸೆಟ್ಟಿಂಗ್ಸ್' ಒತ್ತಿ ಆಮೇಲೆ ಟಿಕ್ ತೆಗೆದು ಸೇವ್. ಚಿಪ್‌ಸೆಟ್ ಡ್ರೈವರನ್ನು ಮದರ್‌ಬೋರ್ಡ್ ಕಂಪನಿಯ ತಾಣದಿಂದಲೇ ಹಾಕಿಕೊಳ್ಳಿ. ಹೊಸ ಎಸ್‌ಎಂಪಿಎಸ್ಸಿನ ರೊಕ್ಕ ಉಳಿಯಿತು.

ಮಾಲಕರ ತಪ್ಪೂ ಅಲ್ಲ. ಅವರು ಕಲಿತದ್ದು ವಿಂಡೋಸ್ 98ರ ಮೇಲೆ, ಹಳೇ ಎಟಿ ಮಾದರಿಯ ಕ್ಯಾಬಿನೆಟ್ಟಿನಲ್ಲಿ. ಇನ್ನು ಕಂಪ್ಯೂಟರ್ ಆರಿಸಬಹುದು ಅಂತ ಕಿತ್ತಳೆ ಬಣ್ಣದ ಅಕ್ಷರ ಬಂದ ಮೇಲೆ ಕೈಯಾರೆ ಸ್ವಿಚ್ ಒತ್ತುವುದೇ ಆಗಿನ ನಿಯಮ. ಈಗ ಹಂಗೇ ಕರೆಂಟ್ ಕಡಿದರೆ ಡಿಸ್ಕ್ ಬರೆಯುತ್ತಿರುವಾಗಲೇ ಕಡಿದಂತೆ. ಮರುದಿನ ಮುಂಜಾನೆ ಡಿಸ್ಕ್ ಚೆಕ್ಕಿಂಗಿನ ಎದುರು ಗಿರಾಕಿಗಳ ಸಾಲು.

ಇಷ್ಟಾದ ಮೇಲೂ ಮಾಲಕರು ಬಗ್ಗಿ ನೋಡಿದರು. "ಇನ್ನೂ ಆರಿಲ್ಲಲ್ರೀ, ಮೌಸಿನ್ಯಾಗ ಕೆಂಪ್ ಲೈಟ್ ಐತಿ!"

ಅದು ನೇರಳೆ ವಾಯರಿನ 5 ವೋಲ್ಟ್, ಪ್ಲಗ್ಗಿಗೆ ಕರೆಂಟ್ ಇರುವ ತನಕ ಬರುತ್ತಲೇ ಇರುತ್ತದೆ. ಬಯೋಸಿನಲ್ಲಿ, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ, ಇಆರ್‌ಪಿ ಅನ್ನುವ ಕರೆಂಟ್ ಉಳಿಸುವ ಸೆಟ್ಟಿಂಗ್ ಎನೇಬಲ್ ಮಾಡಿದರೆ ಸಾಮಾನ್ಯವಾಗಿ ಅದೂ ಆರುತ್ತದೆ. ಕೀಬೋರ್ಡ್ ಒತ್ತಿ ಚಾಲೂ ಮಾಡುವ ಸೌಲಭ್ಯ ಮಾತ್ರ ಹೋಗುತ್ತದೆ.